ಸೀಗ್‌ಮೇಯರ್‌ನನ್ನು ಕಾಪಾಡಬೇಕಾ, ಅವನ ಪಾಡಿಗೆ ಬಿಡಬೇಕಾ?

ಈರುಳ್ಳಿಭಕ್ತ:
ಡಾರ್ಕ್ ಸೋಲ್ಸ್ ವಿಡಿಯೋ ಗೇಮ್‌ನ ಮೊದಲ ಭಾಗದ (2011ರದ್ದಾದರೂ ಸರಿ, 2018ರ ರೀಮಾಸ್ಟರ್ಡ್ ಆದರೂ ಸರಿ) ಕಥೆ ಇಲ್ಲಿ ಪೂರ್ತಿ ಬಯಲಾಗುತ್ತೆ. ಆಡದವರು ಮುಂದೆ ಓದಬೇಡಿ.

ಕ್ಯಾಟರೀನಾದ ಸೀಗ್‌ಮೇಯರ್, ಅದೇ ನಮ್ಮ ಈರುಳ್ಳಿ ಕವಚದ ಮುದುಕ. ನಾವು ಅವನನ್ನು ಮತ್ತೆ ಮತ್ತೆ ಆಪತ್ತಿನಿಂದ ಬಿಡಿಸುತ್ತೇವೆ. ಲಾಸ್ಟ್ ಇಜಾಲಿತ್‌ಗೆ ಬರುವ ಹೊತ್ತಿಗೆ ಅವನಿಗೆ ತಡೆಯಲಾಗುವುದಿಲ್ಲ. "ನಾನು ಆ ಹುಳುಗಳ ಮೇಲೆ ಬೀಳ್ತೀನಿ, ನೀನು ತಪ್ಪಿಸ್ಕೊ" ಎಂಬರ್ಥದ ಮಾತಾಡಿ ಗುಂಡಿಗೆ ಹಾರುತ್ತಾನೆ. ನಾವು ಅಲ್ಲೂ ಬಿಡುವುದಿಲ್ಲ, ಹಿಂದೆಯೇ ಹಾರಿ ಉಳಿಸುತ್ತೇವೆ. ಕೊನೆಗೆ ಆಶ್ ಲೇಕ್‌ನಲ್ಲಿ ಹಾಲೋ ಆಗಿ, ಅಂದರೆ ಬುದ್ಧಿಗೆಟ್ಟು ಬರೀ ಹೊಡೆದಾಡುವ ಜೀವಿಯಾಗಿ, ಸ್ವಂತ ಮಗಳ ಕತ್ತಿಗೆ ಸಾಯುತ್ತಾನೆ.

ನನ್ನ ವಾದ ಇಷ್ಟೇ: ಅವನನ್ನು ಕೊಂದದ್ದು ನಮ್ಮ ಉಪಕಾರ. ಬೇಕಾದರೆ ಅವನು ಕೊಟ್ಟ ವಸ್ತುಗಳನ್ನೇ ಲೆಕ್ಕ ಹಾಕಿ. ಅನೋರ್ ಲೊಂಡೊದಲ್ಲಿ ಉಂಗುರ, ಫೈರ್‌ಲಿಂಕ್‌ನಲ್ಲಿ ಒಂದು ಮಿರಾಕಲ್ (ಮಂತ್ರ), ಬ್ಲೈಟ್‌ಟೌನ್‌ನಲ್ಲಿ ಗುರಾಣಿ. ಒಮ್ಮೆಯೂ ಬರಿಗೈಯಲ್ಲಿ ಥ್ಯಾಂಕ್ಸ್ ಹೇಳಿ ಸುಮ್ಮನಾದವನಲ್ಲ. ಪ್ರತಿ ಸಲ ಸಾಲ ತೀರಿಸಿದ್ದಾನೆ. ಇಜಾಲಿತ್‌ನಲ್ಲಿ ಕೊಡಲು ಏನೂ ಉಳಿದಿರಲಿಲ್ಲ, ಪ್ರಾಣ ಕೊಡಲು ಹೊರಟ. ಅದನ್ನೂ ನಾವು ತಗೊಳ್ಳಲಿಲ್ಲ.

ಸ್ಲ್ಯಾಬ್‌ಬೇಟೆಗಾರ:
ತತ್ವ ಆಮೇಲೆ ಮಾತಾಡೋಣ ಗುರು. ಟೈಟನೈಟ್ ಸ್ಲ್ಯಾಬ್ (ಕತ್ತಿಯನ್ನು ಕೊನೆಯ ಮಟ್ಟಕ್ಕೆ ಏರಿಸುವ ಅಪರೂಪದ ಕಲ್ಲು) ಕೊಡೋದು ಅವನೇ ತಾನೇ? ನನಗೆ ಕತ್ತಿ +14ರಲ್ಲಿ ನಿಂತಿದೆ. ಅವನ ಕ್ವೆಸ್ಟ್ (ಉಪಕಥೆ) ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಕೆಡುತ್ತೆ, ಯಾರಾದರೂ ಸರಿಯಾಗಿ ಬರೆಯಿರಿ.

ಮೂರನೇಗಂಟೆ:
ಸ್ಲ್ಯಾಬ್ ಕೊಡೋದು ಅವನಲ್ಲ, ಮಗಳು ಸೀಗ್‌ಲಿಂಡ್, ಆಶ್ ಲೇಕ್‌ನಲ್ಲಿ. ಈ ವ್ಯತ್ಯಾಸ ಮುಂದೆ ವಾದಕ್ಕೂ ಬೇಕಾಗುತ್ತೆ, ನೆನಪಿಟ್ಟಿರಿ.

ಕ್ರಮ ಹೀಗಿದೆ. ಎಲ್ಲ ಕಡೆಗೂ ಒಂದೇ ನಿಯಮ: ಅವನು ಹೇಳಿದ್ದನ್ನೇ ಮತ್ತೆ ಹೇಳಲು ಶುರು ಮಾಡುವವರೆಗೆ ಮಾತಾಡಿಸುತ್ತಲೇ ಇರಿ. ಅರ್ಧಕ್ಕೆ ಎದ್ದು ಹೋದರೆ ಮುಂದಿನ ಜಾಗದಲ್ಲಿ ಅವನು ಸಿಗದೇ ಹೋಗಬಹುದು.

ಮೊದಲ ಭೇಟಿ ಸೆನ್ಸ್ ಫೋರ್ಟ್ರೆಸ್‌ನ ಮುಚ್ಚಿದ ಬಾಗಿಲ ಮುಂದೆ. ಎರಡು ಗಂಟೆ ಬಾರಿಸಿದ ಮೇಲೆ ಬಾಗಿಲು ತೆರೆಯುತ್ತೆ, ಅದಕ್ಕೆ ಮುಂಚೆಯೇ ಹೋಗಿ ಮಾತಾಡಿಸಿ. ಆಮೇಲೆ ಕೋಟೆಯ ಒಳಗೆ, ದೊಡ್ಡ ಕಲ್ಲುಗುಂಡು ಉರುಳುವ ಇಳಿಜಾರಿನ ಪಕ್ಕದಲ್ಲಿ ಸಿಗುತ್ತಾನೆ. ಮಾತಾಡಿದರೆ ಸಾಕು. ಗುಂಡಿನ ದಿಕ್ಕು ಬದಲಿಸುವ ಯಂತ್ರ ಮೇಲಿದೆ, ಅದು ನಿಮ್ಮ ದಾರಿಗೆ ಬೇಕಾದದ್ದು.

ಮೂರನೆಯದು ಅನೋರ್ ಲೊಂಡೊ. ಬಿಲ್ಲುಗಾರರ ಅಂಚನ್ನು ದಾಟಿ ಅರಮನೆಯ ಒಳಗೆ ಬಂದ ಮೇಲೆ ಬಾನ್‌ಫೈರ್ (ವಿಶ್ರಾಂತಿಯ ಬೆಂಕಿ) ಇರುವ ಭಾಗದಲ್ಲೇ ನಿಂತು "ಹ್ಮ್‌ಮ್..." ಅಂತ ಯೋಚನೆ ಮಾಡುತ್ತಿರುತ್ತಾನೆ. ಪಕ್ಕದ ಕೋಣೆಯಲ್ಲಿ ಮೂವರು ಸಿಲ್ವರ್ ನೈಟ್‌ಗಳು. ಮೂವರನ್ನೂ ಒಟ್ಟಿಗೆ ಎದುರಿಸಬೇಡಿ. ಬಾಗಿಲಿನ ತನಕ ಒಬ್ಬೊಬ್ಬರನ್ನೇ ಎಳೆದು ತನ್ನಿ, ಪ್ಯಾರಿ ಮಾಡಿ (ಏಟನ್ನು ಸರಿಯಾದ ಕ್ಷಣಕ್ಕೆ ತಟ್ಟಿಹಾಕಿ) ಮುಗಿಸಿ. ವಾಪಸ್ ಬಂದು ಮಾತಾಡಿಸಿದರೆ ಟೈನಿ ಬೀಯಿಂಗ್ಸ್ ರಿಂಗ್ ಕೊಡುತ್ತಾನೆ.

ಅಲ್ಲಿಂದ ಫೈರ್‌ಲಿಂಕ್ ಶ್ರೈನ್, ಅಲ್ಲಿ ಕೊಡೋದು ಎಮಿಟ್ ಫೋರ್ಸ್ ಮಿರಾಕಲ್. ಈ ನಡುವೆ ಡ್ಯೂಕ್ಸ್ ಆರ್ಕೈವ್ಸ್‌ನ ತೋಟದಲ್ಲಿ, ಕ್ರಿಸ್ಟಲ್ ಕೇವ್‌ಗೆ ಹೋಗುವ ದಾರಿಯಲ್ಲಿ, ಚಿನ್ನದ ಬಣ್ಣದ ಕ್ರಿಸ್ಟಲ್ ಗೋಲೆಮ್ ಒಂದಿದೆ. ಅದನ್ನು ಒಡೆದರೆ ಒಳಗಿಂದ ಸೀಗ್‌ಲಿಂಡ್ ಬರುತ್ತಾಳೆ. ಅಲ್ಲೂ ಮಾತಾಡಿ, ಅವಳು ಫೈರ್‌ಲಿಂಕ್‌ಗೆ ಬಂದ ಮೇಲೂ ಮಾತಾಡಿ. ತುಂಬಾ ಜನ ತಪ್ಪುವುದು ಇಲ್ಲೇ. ಇವಳಿಲ್ಲದೆ ಕೊನೆಯ ದೃಶ್ಯವೇ ಇಲ್ಲ.

ಐದನೆಯದು ಬ್ಲೈಟ್‌ಟೌನ್‌ನ ಕೆಸರು. ಅವನಿಗೆ ಪರ್ಪಲ್ ಮಾಸ್ ಕ್ಲಂಪ್ (ವಿಷ ಇಳಿಸುವ ಪಾಚಿ) ಮೂರು ಬೇಕು. ಇಲ್ಲದಿದ್ದರೆ ಫೈರ್‌ಲಿಂಕ್ ಪಕ್ಕದ ನೀರುಗಾಲುವೆಯಲ್ಲಿ ಕೂತಿರುವ ಮುದುಕಿ ವ್ಯಾಪಾರಿಯ ಹತ್ತಿರ ಸಿಗುತ್ತೆ. ಕೊಟ್ಟರೆ ಪಿಯರ್ಸ್ ಶೀಲ್ಡ್.

ಆರನೆಯದು ಇಜಾಲಿತ್‌ನ ಗುಂಡಿ. ಏಳನೆಯದು ಆಶ್ ಲೇಕ್.

ಸ್ಲ್ಯಾಬ್‌ಬೇಟೆಗಾರ:
ತುಂಬಾ ಥ್ಯಾಂಕ್ಸ್. ಇಜಾಲಿತ್ ಬಗ್ಗೆ ಇನ್ನೂ ಸ್ವಲ್ಪ ಬಿಡಿಸಿ ಹೇಳಿ. ಅಲ್ಲಿ ಅವನು ಸತ್ತರೆ?

ಜ್ವೈಹ್ಯಾಂಡರ್_ಎರಡುಕೈ:
ಸತ್ತರೆ ಸ್ಲ್ಯಾಬ್ ಇಲ್ಲ. ಬದುಕಿದರೂ ಸಾಲದು, ಅರ್ಧಕ್ಕಿಂತ ಹೆಚ್ಚು ಹೆಲ್ತ್ ಉಳಿದಿರಬೇಕು. ಆಟ ತಾನಾಗಿಯೇ ಸೇವ್ ಆಗುತ್ತಿರುತ್ತೆ, ಹಿಂದಿನ ಸೇವ್‌ಗೆ ಹೋಗುವ ದಾರಿ ಆಟದೊಳಗೆ ಇಲ್ಲ. ಪಿಸಿಯಲ್ಲಿ ಆಡುವವರು ಗುಂಡಿಯ ಅಂಚಿಗೆ ಹೋಗುವ ಮುಂಚೆ ಆಟದಿಂದ ಹೊರಬಂದು ಸೇವ್ ಫೈಲ್ ಕಾಪಿ ಮಾಡಿಟ್ಟುಕೊಳ್ಳಿ. ಕನ್ಸೋಲ್‌ನವರಿಗೆ ತಪ್ಪಿದರೆ ಎನ್‌ಜಿ ಪ್ಲಸ್‌ನಲ್ಲಿ (ಆಟ ಮುಗಿಸಿ ಮತ್ತೆ ಶುರು ಮಾಡುವಾಗ) ಮೊದಲಿಂದ.

ಗುಂಡಿಯಲ್ಲಿರುವುದು ಕೇಯಾಸ್ ಈಟರ್‌ಗಳು. ಅವು ಕಕ್ಕುವ ಆಮ್ಲ ಕವಚ, ಆಯುಧ ಎಲ್ಲದರ ಬಾಳಿಕೆಯನ್ನೂ ತಿನ್ನುತ್ತೆ. ಒಳ್ಳೆಯ ಕವಚ ಹಾಕಿಕೊಂಡು ಹೋಗಬೇಡಿ, ರಿಪೇರ್ ಪೌಡರ್ ಇಟ್ಟುಕೊಳ್ಳಿ. ಮಾತಾಡುವ ಮುಂಚೆಯೇ ಮೇಲಿಂದ ಬಾಣ ಬಿಟ್ಟು ಎಲ್ಲವನ್ನೂ ಕೊಂದುಹಾಕುವ ಜಾಣತನ ಬೇಡ. ಅವನ ಮಾತು ನಿಂತಿರುವುದೇ ಆ ಹುಳುಗಳ ಮೇಲೆ.

ಅವನು ಹಾರಿದ ತಕ್ಷಣ ನೀವೂ ಹಾರಿ. ಯೋಚನೆ ಮಾಡುತ್ತ ನಿಂತರೆ ಅಷ್ಟರಲ್ಲಿ ಅವನ ಅರ್ಧ ಹೆಲ್ತ್ ಹೋಗಿರುತ್ತೆ. ಅವನು ಹಿಡಿದಿರುವುದು ಜ್ವೈಹ್ಯಾಂಡರ್, ಎರಡು ಕೈಯ ದೊಡ್ಡ ಕತ್ತಿ. ಹೊಡೆತ ಭಾರಿ, ಆದರೆ ನಿಧಾನ. ಒಂದು ಏಟಿಗೂ ಮುಂದಿನದಕ್ಕೂ ನಡುವೆ ಹುಳು ಬಂದು ಮೈಗೆ ತಾಗುತ್ತೆ. ನಿಮ್ಮ ಕೆಲಸ ಕೊಲ್ಲುವುದಕ್ಕಿಂತ ಹೆಚ್ಚಾಗಿ ಅವುಗಳ ಗಮನ ನಿಮ್ಮ ಕಡೆ ಎಳೆಯುವುದು. ಮೊದಲು ಅವನಿಗೆ ಹತ್ತಿರದಲ್ಲಿರುವುದಕ್ಕೆ ಒಂದು ಏಟು ಕೊಡಿ, ಆಮೇಲೆ ದೂರದ್ದಕ್ಕೆ.

ಇನ್ನೊಂದು ಮುಖ್ಯ ವಿಷಯ. ಅಗಲಕ್ಕೆ ಬೀಸುವ ಏಟು ಬೇಡ. ಉದ್ದ ಕತ್ತಿಯ ಅಡ್ಡ ಬೀಸು ಹುಳುವನ್ನೂ ಕಡಿಯುತ್ತೆ, ಸೀಗ್‌ಮೇಯರ್‌ನನ್ನೂ ಕಡಿಯುತ್ತೆ. ಮೇಲಿಂದ ಕೆಳಕ್ಕೆ ಬೀಳುವ ಏಟು ಅಥವಾ ಚುಚ್ಚು ಸಾಕು. ಗ್ರೇಟ್ ಕಂಬಶ್ಚನ್ ಥರದ ಪೈರೋಮ್ಯಾನ್ಸಿಯೂ (ಬೆಂಕಿಯ ಮಂತ್ರ) ಅಷ್ಟೇ, ನಡುವೆ ಅವನು ಬಂದರೆ ಅವನೂ ಬೇಯುತ್ತಾನೆ. ಕೆಲವರು "ಹುಳುಗಳೇ ಅವನನ್ನು ಕೊಂದವು" ಅಂತಾರಲ್ಲ, ಅದರಲ್ಲಿ ಅರ್ಧ ಪಾಲು ಅವರದೇ ಕತ್ತಿಯದ್ದು.

ಈರುಳ್ಳಿಭಕ್ತ:
ಜ್ವೈಹ್ಯಾಂಡರ್ ಅವರೇ, ನೀವು ಬರೆದ "ಅರ್ಧಕ್ಕಿಂತ ಹೆಚ್ಚು" ಅನ್ನೋದೇ ನನ್ನ ವಾದಕ್ಕೆ ಸಾಕ್ಷಿ. ಹೇಗೋ ಬದುಕಿ ಉಳಿದರೆ ಆಟಕ್ಕೆ ಸಾಲದು. ನೀವು ಅವನನ್ನು ಗಟ್ಟಿಮುಟ್ಟಾಗಿ ಉಳಿಸಬೇಕು. ಅಂದರೆ ಅವನು ಮಾಡಲು ಹೊರಟ ತ್ಯಾಗ ತ್ಯಾಗವೇ ಅಲ್ಲ ಅನ್ನುವಷ್ಟರ ಮಟ್ಟಿಗೆ ನೀವು ಮಧ್ಯೆ ಬೀಳಬೇಕು. ಆಗಲೇ ಅವನು ಆಶ್ ಲೇಕ್‌ಗೆ ಹೋಗೋದು, ಆಗಲೇ ನಿಮಗೆ ಸ್ಲ್ಯಾಬ್. ಕೆಟ್ಟ ಅಂತ್ಯಕ್ಕೆ ಆಟವೇ ಲಂಚ ಇಟ್ಟಿದೆ.

ಕಾವಲಿನವಳು:
ಲಂಚ ಅನ್ನೋ ಮಾತು ಚೆನ್ನಾಗಿದೆ, ಆದರೆ ನೀವು ಒಂದು ವಿಷಯ ಮರೀತಿದ್ದೀರಿ. ಅವನು ಅನ್‌ಡೆಡ್, ಸತ್ತರೂ ಸಾಯದ ಶಾಪ ಹತ್ತಿದವನು. ಈ ಲೋಕದಲ್ಲಿ ಅನ್‌ಡೆಡ್ ಆದವರು ಗುರಿ ಕಳೆದುಕೊಂಡಾಗ ಹಾಲೋ ಆಗ್ತಾರೆ, ಯಾರ ಉಪಕಾರವೂ ಬೇಕಿಲ್ಲ. ಫೈರ್‌ಲಿಂಕ್‌ನಲ್ಲಿ ಕೂತಿರುವ ಕ್ರೆಸ್ಟ್‌ಫಾಲನ್ ವಾರಿಯರ್‌ಗೆ ನಾವೇನು ಉಪಕಾರ ಮಾಡಿದ್ವಿ? ಅವನೂ ಆದ. ಮಂತ್ರವಾದಿ ಗ್ರಿಗ್ಸ್ ಗುರುವನ್ನು ಹುಡುಕಿಕೊಂಡು ಹೋಗಿ ಸೆನ್ಸ್ ಫೋರ್ಟ್ರೆಸ್‌ನಲ್ಲಿ ಹಾಲೋ ಆದ. ಸೀಗ್‌ಮೇಯರ್ ಮನೆ ಬಿಟ್ಟು ಸಾಹಸ ಅಂತ ಹೊರಟದ್ದೇ ಆ ಗತಿಯನ್ನು ಮುಂದಕ್ಕೆ ತಳ್ಳೋಕೆ. ಸಾಹಸ ಮುಗಿದ ದಿನ ಅವನ ಕಥೆಯೂ ಮುಗೀತಿತ್ತು.

ಈರುಳ್ಳಿಭಕ್ತ:
ಹಾಗಾದರೆ ಬೆಂಕಿಮಂತ್ರದ ಲಾರೆಂಟಿಯಸ್? ಪೈರೋಮ್ಯಾನ್ಸಿ ಎಲ್ಲಿ ಕಲಿತೆ ಅಂತ ಕೇಳ್ತಾನೆ, ನಾವು ಒಳ್ಳೆ ಮನಸ್ಸಿನಿಂದ ಹೇಳ್ತೀವಿ, ಬ್ಲೈಟ್‌ಟೌನ್‌ಗೆ ಹೋಗಿ ಹಾಲೋ ಆಗ್ತಾನೆ. ಹೇಳದಿದ್ದರೆ ಫೈರ್‌ಲಿಂಕ್‌ನಲ್ಲೇ ಕೂತಿರ್ತಾನೆ. ಈ ಆಟ ನಮ್ಮ ಒಳ್ಳೆತನದ ಮೇಲೆ ಕಣ್ಣಿಟ್ಟೇ ಇದೆ.

ಕಾವಲಿನವಳು:
ಲಾರೆಂಟಿಯಸ್ ವಿಷಯ ಒಪ್ಪಿದೆ. ಆದರೆ ಅವನಿಗೆ ಬೇಕಾದದ್ದನ್ನು ನಾವು ಕೊಟ್ಟೆವು, ಅದಕ್ಕೇ ಹೋದ. ಸೀಗ್‌ಮೇಯರ್‌ಗೆ ಬೇಡವಾದದ್ದನ್ನು ಕೊಟ್ಟೆವು ಅನ್ನೋದು ನಿಮ್ಮ ವಾದ. ಎರಡೂ ಒಂದೇ ಹೇಗಾಗುತ್ತೆ?

ಮೂರನೇಗಂಟೆ:
ಇಲ್ಲಿ ಪದದ ಗೊಂದಲ ಇದೆ ಅನಿಸುತ್ತೆ. ಎಲ್ಲರೂ ಸೀಗ್‌ಮೇಯರ್‌ಗೆ ಪಾಪಪ್ರಜ್ಞೆ ಅಂತಾರೆ. ನನ್ನ ಪ್ರಕಾರ ಅದು ಪಾಪಪ್ರಜ್ಞೆ ಅಲ್ಲ, ಹಂಗು.

ಪಾಪಪ್ರಜ್ಞೆಗೆ ಒಂದು ತಪ್ಪು ಬೇಕು. ನಮ್ಮ ಪಾತ್ರದ ಎದುರು ಅವನು ಯಾವ ತಪ್ಪು ಮಾಡಿದ್ದಾನೆ? ಯಾವುದೂ ಇಲ್ಲ. ಇಕ್ಕಟ್ಟಿನಲ್ಲಿ ಸಿಕ್ಕಿದ, ಇನ್ನೊಬ್ಬರು ಬಂದು ಬಿಡಿಸಿದರು, ಅಷ್ಟೇ. ಹಂಗು ಹಾಗಲ್ಲ, ಅದಕ್ಕೆ ತಪ್ಪೇ ಬೇಕಾಗಿಲ್ಲ. ಇನ್ನೊಬ್ಬರ ಕೈ ಮೇಲಿದೆ ಅನ್ನೋದೇ ಸಾಕು. ಅನೋರ್ ಲೊಂಡೊದಲ್ಲಿ ಉಂಗುರ ಕೊಡುವಾಗಿನ ಧ್ವನಿ ಕೇಳಿ ನೋಡಿ. ಸಂತೋಷಕ್ಕಿಂತ ಮುಜುಗರವೇ ಜಾಸ್ತಿ. ನೈಟ್ ಅನ್ನಿಸಿಕೊಂಡವನು ಮೂವರು ನೈಟ್‌ಗಳ ಮುಂದೆ ಯೋಚನೆ ಮಾಡುತ್ತ ನಿಂತಿದ್ದ, ನಾವು ಒಳಗೆ ಹೋಗಿ ಮುಗಿಸಿಕೊಂಡು ಬಂದೆವು.

ಇನ್ನೂ ಒಂದು. ಈ ಆಟದಲ್ಲಿ ಪಾಪಕ್ಕೆ ದರಪಟ್ಟಿ ಇದೆ. ಗಾರ್ಗಾಯ್ಲ್‌ಗಳ ಗಂಟೆಗೋಪುರದಲ್ಲಿ ನಿಂತಿರುವ ಆಸ್ವಾಲ್ಡ್‌ಗೆ ನಿಮ್ಮ ಲೆವೆಲ್ ಎಷ್ಟೋ ಅದನ್ನು 500ರಿಂದ ಗುಣಿಸಿ ಅಷ್ಟು ಸೋಲ್‌ (ಆಟದ ಹಣ) ಕೊಟ್ಟರೆ ಪಾಪ ಪರಿಹಾರ. 40ನೇ ಲೆವೆಲ್‌ನವನಿಗೆ 20,000. ಕೊಟ್ಟರೆ ಮುನಿದ ಪಾತ್ರಗಳೂ ಮತ್ತೆ ಮಾತಾಡುತ್ತವೆ. ಆದರೆ ಹಂಗು ತೀರಿಸೋಕೆ ಅಂತ ಎಲ್ಲೂ ಅಂಗಡಿ ಇಲ್ಲ. ಅದಕ್ಕೇ ಆ ಮುದುಕ ಉಂಗುರ, ಮಿರಾಕಲ್, ಗುರಾಣಿ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಕೊಡುತ್ತ ಬಂದದ್ದು.

ಸ್ಲ್ಯಾಬ್‌ಬೇಟೆಗಾರ:
ಒಂದು ನಿಮಿಷ, ಹಾಗಾದರೆ ಗುಂಡಿಯಲ್ಲಿ ತಪ್ಪಿ ಅವನಿಗೆ ಏಟು ಬಿದ್ದು ಅವನು ನನ್ನ ಮೇಲೆ ತಿರುಗಿಬಿದ್ದರೆ ಆಸ್ವಾಲ್ಡ್ ಹತ್ತಿರ ಹೋದರೆ ಸರಿಹೋಗುತ್ತಾ?

ಜ್ವೈಹ್ಯಾಂಡರ್_ಎರಡುಕೈ:
ಸಿಟ್ಟು ಇಳಿಯುತ್ತೆ. ಆದರೆ ಅಷ್ಟು ಹೊತ್ತಿಗೆ ಅವನ ಹೆಲ್ತ್ ಎಷ್ಟಿರುತ್ತೋ ಅದನ್ನು ಆಸ್ವಾಲ್ಡ್ ತುಂಬಿಕೊಡಲ್ಲ. ಏಟು ಬೀಳದ ಹಾಗೆ ನೋಡಿಕೊಳ್ಳುವುದೇ ಸುಲಭ. ಲಾಕ್ ಆನ್ ಮಾಡುವಾಗ ಹುಳುವಿನ ಮೇಲೇ ಇದೆಯಾ ನೋಡಿ, ಗಲಾಟೆಯಲ್ಲಿ ಗುರಿ ಎಲ್ಲೆಲ್ಲಿಗೋ ಜಾರುತ್ತೆ.

ಕಾವಲಿನವಳು:
ಮೂರನೇಗಂಟೆ ಅವರ ಹಂಗಿನ ಮಾತು ಅರ್ಧ ಸರಿ. ನಮ್ಮ ಪಾತ್ರದ ಮಟ್ಟಿಗೆ ಹಂಗು. ಆದರೆ ನಿಜವಾದ ತಪ್ಪು ಒಂದಿದೆ, ಅದು ನಮಗೆ ಕಾಣೋದು ಮಗಳ ಬಾಯಲ್ಲಿ. ಸೀಗ್‌ಲಿಂಡ್ ಅಷ್ಟು ದೂರ ಬಂದಿರೋದು ಸುಮ್ಮನೆ ಅಪ್ಪನನ್ನು ನೋಡೋಕಲ್ಲ, ಅಮ್ಮ ಕೊನೆಗೆ ಹೇಳಿದ ಮಾತನ್ನು ತಲುಪಿಸೋಕೆ. ಅಂದರೆ ಇವನು ಸಾಹಸ ಮಾಡ್ತಾ ತಿರುಗುವಾಗ ಹೆಂಡತಿ ತೀರಿಕೊಂಡಿದ್ದಾಳೆ. ಇಜಾಲಿತ್‌ನಲ್ಲಿ ಯಾರೋ ಪರಿಚಯದವರಿಗಾಗಿ ಪ್ರಾಣ ಕೊಡೋಕೆ ಅಷ್ಟು ಅವಸರ ಯಾಕೆ? ಮನೆಯವರಿಗೆ ಕೊಡಬೇಕಾದ್ದನ್ನು ಕೊಡಲಾಗದವನು ದಾರಿಯಲ್ಲಿ ಸಿಕ್ಕವರಿಗೆ ಕೊಟ್ಟು ಮುಗಿಸೋಕೆ ನೋಡ್ತಾನೆ. ನನಗೆ ಅದು ತ್ಯಾಗಕ್ಕಿಂತ ತಪ್ಪಿಸಿಕೊಳ್ಳುವಿಕೆ ಥರ ಕಾಣುತ್ತೆ.

ಈರುಳ್ಳಿಭಕ್ತ:
ಅಯ್ಯೋ, ಇದು ತುಂಬ ಕಠೋರ ಆಯಿತು. ಪಾಪ, ಮುದುಕ ಯಾರಿಗೂ ಕೆಟ್ಟದ್ದು ಬಯಸಿದವನಲ್ಲ.

ಕಾವಲಿನವಳು:
ಕೆಟ್ಟದ್ದು ಬಯಸಿದ ಅಂದೆನಾ? ಒಳ್ಳೆಯವನೇ. ಒಳ್ಳೆಯವರೂ ತಪ್ಪಿಸ್ಕೊಳ್ತಾರೆ.

ಯೋರ್ಮನ_ಗೆಳೆಯ:
ತಡವಾಗಿ ಬಂದೆ. ಮೂರನೇ ಭಾಗದ (2016) ಸೀಗ್‌ವರ್ಡ್‌ನನ್ನು ಪಕ್ಕದಲ್ಲಿಟ್ಟು ನೋಡಿ, ಈರುಳ್ಳಿಭಕ್ತ ಅವರ ವಾದ ನಿಲ್ಲಲ್ಲ. ಅದೇ ಊರು, ಅದೇ ಈರುಳ್ಳಿ ಕವಚ, ಅದೇ ಥರ ಪ್ರತಿ ಸಲ ಸಿಕ್ಕಿಹಾಕಿಕೊಳ್ಳೋದು. ಲೆಕ್ಕ ಹಾಕಿದರೆ ಅವನಿಗೆ ನಾವು ಮಾಡೋ ಉಪಕಾರ ಇನ್ನೂ ಜಾಸ್ತಿ. ವ್ಯಾಪಾರಿ ಪ್ಯಾಚಸ್ ಹತ್ತಿರ ಅವನ ಕವಚ ಪೂರ್ತಿ ಕೊಂಡು ಕ್ಲೆನ್ಸಿಂಗ್ ಚಾಪೆಲ್ ಹೊರಗಿನ ಬಾವಿಯಲ್ಲಿ ಬರಿಮೈಯಲ್ಲಿರೋನಿಗೆ ಕೊಡ್ತೀವಿ. ಇರಿಥಿಲ್ ಡಂಜನ್‌ನಲ್ಲಿ ಓಲ್ಡ್ ಸೆಲ್ ಕೀ ಹುಡುಕಿ ಕೋಣೆ ತೆಗೀತೀವಿ. ಹಂಗು ಕೊಲ್ಲೋದಾದರೆ ಅವನು ಅಲ್ಲೇ ಸಾಯಬೇಕಿತ್ತು. ಸಾಯಲ್ಲ. ಅವನ ಹಳೆಯ ಗೆಳೆಯ, ದೈತ್ಯ ಯೋರ್ಮ್ ಜೊತೆ ಹೋರಾಟ ಶುರುವಾದಾಗ ತನ್ನದೇ ಸ್ಟಾರ್ಮ್ ರೂಲರ್ ಕತ್ತಿ ಹಿಡ್ಕೊಂಡು ಒಳಗೆ ಬರ್ತಾನೆ, ಗೆಳೆಯನಿಗೆ ಕೊಟ್ಟ ಮಾತು ಉಳಿಸ್ತಾನೆ, ಆಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ತಾನೆ.

ವ್ಯತ್ಯಾಸ ಏನು? ಸೀಗ್‌ವರ್ಡ್‌ಗೆ ಮಾಡೋಕೆ ತನ್ನದು ಅಂತ ಒಂದು ಕೆಲಸ ಇತ್ತು, ನಮ್ಮ ಸಹಾಯ ಅವನನ್ನು ಆ ಕೆಲಸದ ತನಕ ತಲುಪಿಸಿತು. ಸೀಗ್‌ಮೇಯರ್‌ಗೆ ಸಾಹಸ ಬಿಟ್ಟರೆ ಬೇರೆ ಕೆಲಸ ಇಲ್ಲ, ಆ ಸಾಹಸವನ್ನೇ ನಾವು ಮಾಡಿ ಮುಗಿಸ್ತೀವಿ. ಹಾಗಾಗಿ ತಪ್ಪು ಸಹಾಯದ್ದಲ್ಲ, ಏನಕ್ಕೆ ಸಹಾಯ ಅನ್ನೋದರದ್ದು.

ಮೂರನೇಗಂಟೆ:
ಇದು ಒಳ್ಳೆ ಪಾಯಿಂಟು. ಬ್ಲೈಟ್‌ಟೌನ್ ಭೇಟಿಯನ್ನು ಹೀಗೇ ನೋಡಿ: ಅಲ್ಲಿ ನಾವು ಅವನ ಬದಲು ಯಾರನ್ನೂ ಕೊಲ್ಲಲ್ಲ, ಮೂರು ಮಾಸ್ ಕೊಡ್ತೀವಿ, ಅವನು ಮುಂದೆ ತಾನೇ ಹೋಗ್ತಾನೆ. ಇಡೀ ಕ್ವೆಸ್ಟ್‌ನಲ್ಲಿ ಅವನು ಕುಗ್ಗದೆ ತಗೊಂಡ ಸಹಾಯ ಅದೊಂದೇ ಅಂತ ನನಗನಿಸುತ್ತೆ. ಸಿಲ್ವರ್ ನೈಟ್‌ಗಳನ್ನು ಮುಗಿಸಿಕೊಟ್ಟದ್ದು ಬೇರೆ ಥರದ್ದು.

ಈರುಳ್ಳಿಭಕ್ತ:
ಸರಿ, ಸೀಗ್‌ವರ್ಡ್ ವಿಷಯದಲ್ಲಿ ಸೋತೆ. ಆದರೆ ಪ್ರಶ್ನೆ ಹಾಗೇ ಇದೆ. ಇದೆಲ್ಲ ಗೊತ್ತಿದ್ದ ಮೇಲೆ ಎರಡನೇ ಸಲ ಆಡುವಾಗ ಏನು ಮಾಡಬೇಕು? ನನ್ನ ಉತ್ತರ: ಅನೋರ್ ಲೊಂಡೊದಲ್ಲಿ ಆ ಮೂವರನ್ನು ಮುಟ್ಟಬೇಡಿ. ಅವನು ಅಲ್ಲೇ ನಿಂತು "ಹ್ಮ್‌ಮ್..." ಅಂತಿರಲಿ. ಆಟ ಮುಗಿಯುವವರೆಗೂ ಹಾಲೋ ಆಗಲ್ಲ, ಯಾರ ಹಂಗೂ ಇಲ್ಲ.

ಜ್ವೈಹ್ಯಾಂಡರ್_ಎರಡುಕೈ:
ಅದು ಬದುಕಿದಂಗಾ ಮಾರಾಯ? ಗೊಂಬೆ ಥರ ಒಂದೇ ಕಡೆ ನಿಲ್ಲಿಸಿದ ಹಾಗಾಯಿತು. ನನ್ನ ಪ್ರಕಾರ ಇಜಾಲಿತ್ ತನಕ ಕರ್ಕೊಂಡು ಬಂದು, ಅವನು ಹಾರಿದ ಮೇಲೆ ಅಂಚಲ್ಲೇ ನಿಂತು ನೋಡೋದು ಸರಿಯಾದ ಅಂತ್ಯ. ಸ್ಲ್ಯಾಬ್ ಹೋಗುತ್ತೆ, ಹೋಗಲಿ. ಅವನು ಕೇಳಿದ್ದು ಅದನ್ನೇ. ಒಂದು ಸಲ ಮಾಡಿ ನೋಡಿ, ಕೈ ತಡೆಯೋದು ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ.

ಕಾವಲಿನವಳು:
ಇಬ್ಬರೂ ಮಗಳನ್ನು ಲೆಕ್ಕಕ್ಕೇ ತಗೊಂಡಿಲ್ಲ. ಈರುಳ್ಳಿಭಕ್ತ ಅವರ ದಾರಿ ಹಿಡಿದರೆ ಸೀಗ್‌ಲಿಂಡ್‌ಳನ್ನು ಬಿಡಿಸ್ತೀರಾ, ಇಲ್ಲವಾ? ಬಿಡಿಸದಿದ್ದರೆ ಅವಳು ಆ ಗೋಲೆಮ್ ಹೊಟ್ಟೆಯಲ್ಲೇ ಇರ್ತಾಳೆ. ಬಿಡಿಸಿದರೆ ಫೈರ್‌ಲಿಂಕ್‌ನಲ್ಲಿ ಅಮ್ಮನ ಮಾತು ಹೊತ್ತುಕೊಂಡು ಅಪ್ಪನಿಗಾಗಿ ಕಾಯ್ತಾಳೆ, ಅಪ್ಪ ಅನೋರ್ ಲೊಂಡೊದಲ್ಲಿ ಯೋಚನೆ ಮಾಡ್ತಾ ನಿಂತಿರ್ತಾನೆ. ಜ್ವೈಹ್ಯಾಂಡರ್ ಅವರ ದಾರಿಯಲ್ಲಿ ಅವಳಿಗೆ ಅಪ್ಪನ ಮುಖವೂ ಸಿಗಲ್ಲ. ಆಶ್ ಲೇಕ್ ಎಷ್ಟೇ ಕೆಟ್ಟದಿರಲಿ, ಅವರಿಬ್ಬರೂ ಒಂದೇ ಕಡೆ ಇರುವ ದೃಶ್ಯ ನಮಗೆ ಸಿಗೋದು ಅಲ್ಲಿ ಮಾತ್ರ.

ಈರುಳ್ಳಿಭಕ್ತ:
...ಇದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ.

ಮೂರನೇಗಂಟೆ:
ಮೊದಲು ನೆನಪಿಟ್ಟಿರಿ ಅಂದಿದ್ದೆನಲ್ಲ, ಸ್ಲ್ಯಾಬ್ ಕೊಡೋದು ಮಗಳು ಅಂತ. ಅವನ ಕೈಯಿಂದ ಬಂದದ್ದು ಉಂಗುರ, ಮಿರಾಕಲ್, ಗುರಾಣಿ. ಉಂಗುರ ಹೆಲ್ತ್ ಹೆಚ್ಚಿಸೋದು ನೂರಕ್ಕೆ 5 ಮಾತ್ರ, ಆಟದ ಆರಂಭದಲ್ಲಿ ಗಿಫ್ಟ್ ಆಗಿಯೂ ಆರಿಸಿಕೊಳ್ಳಬಹುದಾದಂಥದ್ದು. ಬಡವನ ಕಾಣಿಕೆ. ಸ್ಲ್ಯಾಬ್ ಹಾಗಲ್ಲ, ಆಟದಲ್ಲಿ ಬೆರಳೆಣಿಕೆಯಷ್ಟು. ಅಪ್ಪ ತೀರಿಸಲಾಗದ್ದನ್ನು ಮಗಳು ಒಂದೇ ಸಲಕ್ಕೆ ತೀರಿಸ್ತಾಳೆ, ಅದೂ ಅವನ ಶವದ ಪಕ್ಕ ನಿಂತು. ಅದನ್ನು ಈರುಳ್ಳಿಭಕ್ತ ಲಂಚ ಅಂದರು. ನನಗೆ ಅದು ಬಾಕಿ ಚುಕ್ತಾ ಮಾಡಿದ ಹಾಗೆ ಕಾಣುತ್ತೆ.

ಸ್ಲ್ಯಾಬ್‌ಬೇಟೆಗಾರ:
ನೀವು ಹೀಗೆ ಹೇಳಿದ ಮೇಲೆ ಅದನ್ನು ಕತ್ತಿಗೆ ಹಚ್ಚೋಕೂ ಮನಸ್ಸು ಬರಲ್ಲ ಮಾರಾಯ್ರೆ. ಅದಿರಲಿ, ಆಶ್ ಲೇಕ್‌ಗೆ ದಾರಿ ಯಾವುದು? ಬ್ಲೈಟ್‌ಟೌನ್ ಪೂರ್ತಿ ಸುತ್ತಿದರೂ ಕಾಣಲಿಲ್ಲ.

ಜ್ವೈಹ್ಯಾಂಡರ್_ಎರಡುಕೈ:
ಕೆಸರಿನಲ್ಲಿ ದೊಡ್ಡ ಮರದ ಬೇರು ಇದೆಯಲ್ಲ, ಅದರ ಒಳಗೆ. ಹುಸಿಗೋಡೆ ಒಂದಲ್ಲ, ಎರಡು. ಮೊದಲನೆಯದನ್ನು ಹೊಡೆದರೆ ಪೆಟ್ಟಿಗೆ ಕಾಣುತ್ತೆ, ಹೆಚ್ಚಿನವರು ಪೆಟ್ಟಿಗೆ ತೆಗೆದು ವಾಪಸ್ ಹೋಗ್ತಾರೆ. ಪೆಟ್ಟಿಗೆಯ ಹಿಂದಿನ ಗೋಡೆಗೂ ಒಂದು ಏಟು ಹಾಕಿ. ಅಲ್ಲಿಂದ ಗ್ರೇಟ್ ಹಾಲೋ, ಕೊಂಬೆಯಿಂದ ಕೊಂಬೆಗೆ ಇಳಿಯಬೇಕು. ಬ್ಯಾಸಿಲಿಸ್ಕ್ ಇವೆ, ಅವುಗಳ ಹೊಗೆಯೊಳಗೆ ನಿಂತರೆ ಕರ್ಸ್ ಆಗಿ ಹೆಲ್ತ್ ಅರ್ಧಕ್ಕಿಳಿಯುತ್ತೆ. ಅದನ್ನು ಕಳೆಯುವ ಪರ್ಜಿಂಗ್ ಸ್ಟೋನ್ ಒಂದಾದರೂ ಇರಲಿ. ಕೆಳಗೆ ದಂಡೆಗೆ ಬಂದ ಮೇಲೆ ಹೈಡ್ರಾ ದೂರದಿಂದಲೇ ನೀರು ಉಗುಳುತ್ತೆ, ನಿಲ್ಲದೆ ಓಡಿ.

ಸ್ಲ್ಯಾಬ್‌ಬೇಟೆಗಾರ:
ಸರಿ. ಅಲ್ಲಿ ಹೋದಾಗ ಅವನು ಇನ್ನೂ ಜೀವಂತ ಇರ್ತಾನಾ?

ಕಾವಲಿನವಳು:
ಇಲ್ಲ. ನೀವು ಹೋಗುವ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಮರಳ ಮೇಲೆ ಈರುಳ್ಳಿ ಕವಚ ಬಿದ್ದಿರುತ್ತೆ, ಅಂಥದೇ ಕವಚದಲ್ಲಿ ಅವಳು ಪಕ್ಕದಲ್ಲಿ ಇರ್ತಾಳೆ. ಹೋಗಿ ಮಾತಾಡಿಸಿ. ಇಲ್ಲೂ ಅದೇ ನಿಯಮ, ಸ್ಲ್ಯಾಬ್ ಕೈಗೆ ಬಂದ ತಕ್ಷಣ ಎದ್ದು ಹೋಗಬೇಡಿ.